ಚೆಲ್ಲಿದ ಕಾವು

ಶಿಕಾರಿಪುರದಲ್ಲಿ ಅಕ್ಕಿ ಗಿರಣಿ ಇಟ್ಟಿದ್ದ ಗುರುಮಲ್ಲಪ್ಪನ ಹೆಂಡತಿ ನೀಲಾಂಬಿಕ ಆರು ವರ್ಷದ ಮಗಳನ್ನು ತೊಡೆಯ ಮೇಲೆ ಮಲಗಿಸಿಕೊಂಡು ಶಿವಮೊಗ್ಗದ ಬಸ್ಸಿನಲ್ಲಿ ಕೂತಿದ್ದಳು. ಐವತ್ತಾರನೇ ಇಸವಿಯ ಆಷಾಢ. ಮಗುವಿಗೆ ಹನ್ನೊಂದು ದಿನದಿಂದ ಜ್ವರ. ಬಸ್ಸು ಹತ್ತುವಾಗ ಮೈ ಕಾದ ಹಂಚಿನಂತಿತ್ತು. ಸೀರೆಯ ಪದರ ದಾಟಿ ಆ ಬಿಸಿ ಅವಳ ತೊಡೆಯನ್ನು ಸುಡುತ್ತಿತ್ತು. ಆಯನೂರು ಹತ್ತಿರ ಬರುವ ಹೊತ್ತಿಗೆ ಸುಡುವುದು ನಿಂತಿತು. ಜ್ವರ ಬಿಟ್ಟಿತು ಎಂದುಕೊಂಡಳು. ಪಕ್ಕದಲ್ಲಿದ್ದ ಗಂಡನಿಗೂ ಹಾಗೇ ಹೇಳಿದಳು, ಸ್ವಲ್ಪ ನಗುತ್ತಲೇ ಹೇಳಿದಳು. ಗುರುಮಲ್ಲಪ್ಪ ಮಗುವಿನ ಹಣೆ ಮುಟ್ಟಿ ನೋಡಿದವನು ಎದ್ದುಹೋಗಿ ಡ್ರೈವರನಿಗೆ ಬಸ್ಸು ನಿಲ್ಲಿಸಲು ಹೇಳಿದ.

ಮಗುವಿನ ಹೆಸರು ಜಗದಾಂಬ. ಒಬ್ಬಳೇ ಮಗಳು.

ಮಣ್ಣು ಮಾಡಿ ಬಂದ ಮೇಲೆ ತಿಂಗಳುಗಟ್ಟಲೆ ಹೆಂಗಸರು ಮಾತಾಡಿಸಲು ಬಂದರು. ಬಂದವರು ಸುಮ್ಮನೆ ಕೂರಲಾರದೆ ಕತೆ ಹೇಳುತ್ತಿದ್ದರು. ಯಾವುದೋ ಊರಿನಲ್ಲಿ ಯಾರೋ ಸ್ವಾಮಿಗಳು ಸತ್ತ ಮಗುವಿನ ಹಣೆಗೆ ವಿಭೂತಿ ಇಟ್ಟಿದ್ದೇ ತಡ, ಮಗು ಎದ್ದು ಕೂತಿತಂತೆ. ಇನ್ಯಾವುದೋ ಊರಿನಲ್ಲಿ ಹೊತ್ತುಕೊಂಡು ಹೋಗುವಾಗ ಉಸಿರು ಬಂದಿತಂತೆ. ಅತ್ತೆ ಬಸವಣ್ಣೆಮ್ಮ ಅಂಥ ಕತೆಗಳನ್ನು ಕೇಳಿ ಕಣ್ಣೊರೆಸಿಕೊಳ್ಳುತ್ತಿದ್ದಳು. ನೀಲಾಂಬಿಕಳಿಗೆ ಅವು ಮೈಮೇಲೆ ಕೆಂಡ ಸುರಿದಂತಾಗುತ್ತಿದ್ದವು. ಎಲ್ಲೋ ಯಾರದೋ ಮಗು ಎದ್ದು ಕೂತದ್ದು ನಿಜವಾದರೆ ತನ್ನದು ಯಾಕೆ ಏಳಲಿಲ್ಲ? ಅವಳ ತಲೆಯಲ್ಲಿ ಕೊರೆಯುತ್ತಿದ್ದದ್ದು ಒಂದೇ ಪ್ರಶ್ನೆ. ಅದನ್ನು ಯಾರಲ್ಲಿ ಕೇಳಿದರೂ, ಹಾಗೆಲ್ಲ ಯೋಚಿಸಬಾರದು ಎಂದು ಬೆನ್ನು ಸವರಿ ಎದ್ದು ಹೋಗುತ್ತಿದ್ದರು.

ಬೆನ್ನು ಸವರದೆ ಉತ್ತರ ಕೊಟ್ಟವನು ಮಹೇಶ್ವರಪ್ಪ ಒಬ್ಬನೇ. ಅವನು ಗುರುಮಲ್ಲಪ್ಪನ ಚಿಕ್ಕಪ್ಪನ ಮಗ; ಇದೇ ಮನೆಯಲ್ಲಿ ಬೆಳೆದು, ಮೈಸೂರಿನಲ್ಲಿ ಬಿ.ಎಸ್ಸಿ. ಓದಿ, ಸೊರಬದಲ್ಲಿ ವಿಜ್ಞಾನದ ಮೇಷ್ಟ್ರಾಗಿದ್ದ. ಶನಿವಾರ ಅರ್ಧ ದಿನದ ಶಾಲೆ ಮುಗಿಸಿ ಮಧ್ಯಾಹ್ನದ ಬಸ್ಸಿಗೆ ಬಂದರೆ ಸೋಮವಾರ ಬೆಳಗ್ಗೆ ಹೊರಡುವನು. ಒಂದು ಶನಿವಾರ ಅವನಿಗೆ ಊಟ ಬಡಿಸುತ್ತಾ ನೀಲಾಂಬಿಕ ಕೇಳಿದಳು.

"ಅಷ್ಟೊಂದು ಕಾದಿತ್ತಲ್ಲ ಮಹೇಶಪ್ಪ, ಆ ಮೈ. ಆ ಕಾವೆಲ್ಲ ಎಲ್ಲಿಗೆ ಹೋತು?"

ಅವನು ತಟ್ಟೆಯಲ್ಲೇ ಕೈ ತೊಳೆದುಕೊಂಡು ಅವಳನ್ನು ಗಿರಣಿಯ ಹಿಂದಕ್ಕೆ ಕರೆದುಕೊಂಡು ಹೋದ. ಅಲ್ಲಿ ಎಂಜಿನ್ನನ್ನು ತಂಪಾಗಿಡುವ ನೀರಿನ ತೊಟ್ಟಿ ಇತ್ತು. ಎಂಜಿನ್ನಿನ ಸುತ್ತ ಹರಿದು ಬಂದ ನೀರು ಅದರೊಳಗೆ ಹಬೆಯಾಡುತ್ತಾ ಬೀಳುತ್ತಿತ್ತು. ಅದರ ಕಲ್ಲಿನ ಗೋಡೆ ಇಡೀ ದಿನ ಬೆಚ್ಚಗಿರುತ್ತಿತ್ತು. ಸುಡುವ ಎಣ್ಣೆಯ ಕಾವನ್ನು ನಾಲ್ಕು ಪಾಲು ಮಾಡಿದರೆ ಭತ್ತ ಕುಟ್ಟುವುದು ಒಂದೇ ಪಾಲು, ಉಳಿದ ಮೂರು ಈ ನೀರಿಗೆ, ಹೊಗೆಗೆ, ಗಾಳಿಗೆ ಹೋಗುತ್ತವೆ ಎಂದು ತೋರಿಸಿದ. ಯಾವ ಜಾಣನ ಎಂಜಿನ್ನಾದರೂ ನಾಲ್ಕಕ್ಕೆ ನಾಲ್ಕೂ ಕೊಡಲಾರದು ಎಂದ. ಆಮೇಲೆ ಅವಳ ಪ್ರಶ್ನೆಗೆ ಬಂದ.

"ಕಾವು ಎಲ್ಲಿಗೂ ಹೋಗಲ್ಲ ಅತ್ತಿಗೆ. ಹರಡ್ತದೆ. ಬಸ್ಸಿನ ಸೀಟಿಗೆ, ಗಾಳಿಗೆ, ನಿಮ್ಮ ತೊಡೆಗೆ. ಒಂದು ಚೂರೂ ನಾಶ ಆಗಲ್ಲ."

"ಹಾಗಾದ್ರೆ ವಾಪಸ್ ಬರಬಹುದಲ್ಲ?"

"ತಾನಾಗಿ ಬರಲ್ಲ. ಹರಡಿದ್ದು ಹರಡಿದ್ದೇ."

ಅವಳು ತೊಟ್ಟಿಯ ಗೋಡೆಗೆ ಅಂಗೈ ಆನಿಸಿ ಬಹಳ ಹೊತ್ತು ನಿಂತಳು. ನಾಲ್ಕು ತಿಂಗಳಲ್ಲಿ ಅವಳಿಗೆ ಯಾರಾದರೂ ಹೇಳಿದ ಮೊದಲ ನೇರ ಮಾತು ಅದು. ಅದರಲ್ಲಿ ಕರುಣೆ ಇರಲಿಲ್ಲ. ಆದರೆ ಅದು ತನ್ನ ಮಗಳೊಬ್ಬಳಿಗೇ ಆದ ಅನ್ಯಾಯ ಅಲ್ಲ, ಎಣ್ಣೆಗೂ ನೀರಿಗೂ ಅದೇ ಕಾಯಿದೆ ಎಂಬುದು ಹೇಗೋ ಅವಳ ಎದೆಯನ್ನು ಹಿಡಿದು ನಿಲ್ಲಿಸಿತು.

ಅಂದಿನಿಂದ ಶನಿವಾರಗಳು ಪಾಠದ ದಿನಗಳಾದವು. ನೀಲಾಂಬಿಕ ತವರಿನಲ್ಲಿ, ಸೊರಬ ಸೀಮೆಯ ಗುಡವಿಯ ಹತ್ತಿರದ ಹಳ್ಳಿಯಲ್ಲಿ, ಎಂಟನೇ ತರಗತಿಯವರೆಗೆ ಓದಿದವಳು. ಮಹೇಶ್ವರಪ್ಪ ತನ್ನ ಕಾಲೇಜಿನ ಪುಸ್ತಕ ತಂದು ಕನ್ನಡದಲ್ಲಿ ಬಿಡಿಸಿ ಹೇಳುತ್ತಿದ್ದ. ಒಂದು ಸೇರು ನೀರು ಹೆಪ್ಪುಗಟ್ಟಿ ಗಡ್ಡೆಯಾಗುವಾಗ ಎಷ್ಟು ಕಾವನ್ನು ಬಿಟ್ಟುಕೊಡುತ್ತದೆಂದರೆ, ಅದರಿಂದ ಇನ್ನೊಂದು ಸೇರು ತಣ್ಣೀರನ್ನು ಹೆಚ್ಚುಕಡಿಮೆ ಕುದಿಯುವ ಹತ್ತಿರಕ್ಕೆ ತರಬಹುದು ಎಂದಾಗ ಅವಳು ನಂಬಲಿಲ್ಲ. ಆಲಿಕಲ್ಲು ಬಿಟ್ಟರೆ ಮಂಜುಗಡ್ಡೆಯನ್ನು ಅವಳು ಕಂಡವಳಲ್ಲ. ಲೆಕ್ಕ ಮಾಡಿ ತೋರಿಸಿದ ಮೇಲೆ ನಂಬಿದಳು. ಅವನು ಒಳ್ಳೆಯ ಮೇಷ್ಟ್ರು. ಅದನ್ನು ಅವಳು ಕೊನೆಯವರೆಗೂ ಅಲ್ಲಗಳೆಯಲಿಲ್ಲ.

ಅವನು ತಂದುಕೊಟ್ಟ ಶಾಲೆಯ ನೋಟುಪುಸ್ತಕಗಳಲ್ಲಿ ಪಾಠ ಬರೆದುಕೊಳ್ಳುತ್ತಿದ್ದವಳು ಯಾವಾಗಲೋ ಕತೆ ಬರೆಯತೊಡಗಿದಳು. ಏಳು ಕೆರೆಗಳ ಒಂದು ಸೀಮೆ. ಅಲ್ಲಿ ಮಾಟಗಾರರಿದ್ದಾರೆ, ಅವರನ್ನು ಕಾವುಗಾರರು ಎನ್ನುತ್ತಾರೆ. ಅವರು ಕಲ್ಲನ್ನು ಗಾಳಿಯಲ್ಲಿ ಎತ್ತಬಲ್ಲರು, ಮುರಿದ ಮೂಳೆಯನ್ನು ಕೂಡಿಸಬಲ್ಲರು, ಕಾಡಿನ ಬೆಂಕಿಯನ್ನು ಅಂಗೈಗೆ ಎಳೆದುಕೊಂಡು ಆರಿಸಬಲ್ಲರು. ಆದರೆ ಮಂತ್ರ ಹೇಳಿದರೆ ಸಾಲದು. ಎಲ್ಲದಕ್ಕೂ ಕಾವು ಬೇಕು, ಆ ಕಾವನ್ನು ಎಲ್ಲಿಂದಲಾದರೂ ತೆಗೆಯಬೇಕು: ಉರಿಯುವ ದೀಪದಿಂದ, ಹುಲ್ಲಿನ ಬಣವೆಯಿಂದ, ಕಟ್ಟಿದ ಎತ್ತಿನಿಂದ, ಇಲ್ಲವೇ ತಮ್ಮದೇ ಮೈಯಿಂದ. ಕಲ್ಲು ಎತ್ತಿದ ಕಾವುಗಾರ ಚಳಿಯಿಂದ ನಡುಗುತ್ತಾನೆ. ಮೂಳೆ ಕೂಡಿಸಿದವಳ ಮನೆಯ ಒಲೆ ಮೂರು ದಿನ ಹತ್ತುವುದಿಲ್ಲ. ಇದು ಮೊದಲನೇ ನಿಯಮ. ತೆಗೆದ ಕಾವಿನಲ್ಲಿ ದೊಡ್ಡ ಪಾಲು ಕೆಲಸಕ್ಕೆ ಬಾರದೆ ಚೆಲ್ಲಿ ಹೋಗುತ್ತದೆ, ಎಂಥ ಕಾವುಗಾರನಿಗೂ ಅದು ತಪ್ಪಿದ್ದಲ್ಲ, ಇದು ಎರಡನೆಯದು. ಚೆಲ್ಲಿದ ಒಂದು ಚಿಟಿಕೆ ಕಾವನ್ನು ಹುಡುಕಿ ತರಲು ಬೆಟ್ಟದಷ್ಟು ಕಾವು ಖರ್ಚಾಗುತ್ತದೆ, ಇದು ಮೂರನೆಯದು. ನಿಯಮಗಳನ್ನು ಬರೆದ ಪುಟವನ್ನು ಅವಳು ಮೊದಲನೇ ನೋಟುಪುಸ್ತಕದ ರಟ್ಟಿಗೆ ಅಂಟಿಸಿದ್ದಳು.

ಮಹೇಶ್ವರಪ್ಪ ಓದಿ ಬೆರಗಾದ. ಇಂಥದ್ದನ್ನು ಕನ್ನಡದಲ್ಲಿ ತಾನು ನೋಡಿಲ್ಲ ಎಂದ. ಅವಳ ಕಾವುಗಾರ ಒಂದು ಗುಂಡುಕಲ್ಲು ಎತ್ತಿದರೆ ಎಷ್ಟು ದೀಪ ಆರಬೇಕು ಎಂದು ಕೂತು ಲೆಕ್ಕ ಹಾಕಿದ. ಒಂದು ಕಡೆ ಅವಳು ಎತ್ತಿನಿಂದ ಹೆಚ್ಚು ಕಾವು ತೆಗೆದಿದ್ದನ್ನು ಕಂಡುಹಿಡಿದು ತಿದ್ದಿಸಿದ. ಇಬ್ಬರೂ ಜಗಲಿಯಲ್ಲಿ ಕೂತು ಹೀಗೆ ವಾದ ಮಾಡುವುದನ್ನು ನೋಡಿ ಬಸವಣ್ಣೆಮ್ಮ, ಸೊಸೆ ಮತ್ತೆ ಮಾತಾಡುತ್ತಿದ್ದಾಳಲ್ಲ, ಅಷ್ಟೇ ಸಾಕು ಎಂದುಕೊಂಡಳು.

ಕತೆಯ ಕೊನೆಯ ಅಧ್ಯಾಯ ಬರೆಯಲು ನೀಲಾಂಬಿಕಳಿಗೆ ಐದು ತಿಂಗಳು ಹಿಡಿಯಿತು. ಅದರಲ್ಲಿ ಹೊನ್ನವ್ವ ಎಂಬ ಕಾವುಗಾತಿಯ ಮಗಳು ಸಾಯುತ್ತಾಳೆ. ಹೊನ್ನವ್ವ ಆ ಸೀಮೆಗೇ ದೊಡ್ಡವಳು. ಮಗಳ ಮೈಯನ್ನು ಬೆಚ್ಚಗೆ ಮಾಡುವುದು ಅವಳಿಗೆ ಏನೂ ಅಲ್ಲ. ಒಂದು ಬಣವೆ ಸಾಕು. ಆದರೆ ಮೈ ಬೆಚ್ಚಗಾದ ಮಾತ್ರಕ್ಕೆ ಒಡೆದ ಹಾಲು ಹಾಲಾಗುವುದಿಲ್ಲ. ಮಗಳನ್ನು ಬಿಟ್ಟು ಹೋದ ಅದೇ ಕಾವು ಬೇಕು. ಅದು ಗೋಡೆಗೆ, ಗಾಳಿಗೆ, ಎಲೆಗೆ, ತಾಯಿಯ ಮಡಿಲಿಗೆ ಹರಡಿಹೋಗಿದೆ. ಹೊನ್ನವ್ವ ಅದನ್ನು ಚಿಟಿಕೆ ಚಿಟಿಕೆಯಾಗಿ ಹುಡುಕಲು ಮೊದಲನೇ ಕೆರೆಯ ಕಾವನ್ನು ಎಳೆಯುತ್ತಾಳೆ. ಕೆರೆ ಹೆಪ್ಪುಗಟ್ಟುತ್ತದೆ. ಎರಡನೆಯದು, ಮೂರನೆಯದು. ಮೀನು ಸಾಯುತ್ತವೆ, ಪೈರು ಕಪ್ಪಾಗುತ್ತದೆ. ಆರನೇ ಕೆರೆ ಗುಡವಿಯ ಕೆರೆಯ ಹಾಗೆ ಹಕ್ಕಿಗಳಿಂದ ತುಂಬಿದ ಕೆರೆ. ಅದು ಗಡ್ಡೆಯಾದಾಗ ಹಕ್ಕಿಗಳು ಕೂತ ಕೊಂಬೆಯಿಂದ ಕಲ್ಲಿನಂತೆ ಉದುರುತ್ತವೆ. ಅಷ್ಟಾದರೂ ಮಗಳ ಕಿರುಬೆರಳ ತುದಿಗಾಗುವಷ್ಟು ಕಾವು ಕೂಡಿಲ್ಲ. ಏಳನೆಯದು ಊರು ಕುಡಿಯುವ ಕೆರೆ. ಹೊನ್ನವ್ವ ಅದರ ಏರಿಯ ಮೇಲೆ ನಿಂತು ಲೆಕ್ಕ ಹಾಕುತ್ತಾಳೆ, ಕೈ ಇಳಿಸುತ್ತಾಳೆ, ಮನೆಗೆ ಬಂದು ಮಗಳನ್ನು ಮಣ್ಣಿಗೆ ಕೊಡಲು ಎತ್ತಿಕೊಳ್ಳುತ್ತಾಳೆ. ಅವಳಿಗೆ ಯಾರೂ ಉಪಕಾರ ಹೇಳುವುದಿಲ್ಲ. ಸತ್ತ ಹಕ್ಕಿಗಳಿಗಾಗಿ ಊರು ಅವಳನ್ನು ಬೈಯುತ್ತದೆ.

ಬರೆದು ಮುಗಿಸಿದ ದಿನ ನೀಲಾಂಬಿಕ ಮಗಳು ಹೋದ ಮೇಲೆ ಮೊದಲ ಸಲ ಹೊಟ್ಟೆ ತುಂಬ ಉಂಡಳು.

ಇದನ್ನು ಒಂದು ಮಾಸಪತ್ರಿಕೆಗೆ ಕಳಿಸೋಣ ಎಂದವನು ಮಹೇಶ್ವರಪ್ಪನೇ. ಹೆಸರಿನ ಮಾತು ಬಂತು. ಗುರುಮಲ್ಲಪ್ಪ ಸಿಟ್ಟಾಗಲಿಲ್ಲ. ಬಸ್‌ಸ್ಟ್ಯಾಂಡಿನ ಅಂಗಡಿಯಲ್ಲಿ ನೇತುಹಾಕುವ ಪತ್ರಿಕೆಯಲ್ಲಿ ಮನೆಯ ಹೆಂಗಸಿನ ಹೆಸರು ಯಾಕೆ, ಮಹೇಶ ಹೇಗೂ ಓದಿದವನು, ಅವನದೇ ಹಾಕಲಿ ಎಂದು ಸಮಾಧಾನವಾಗಿಯೇ ಹೇಳಿದ. ಮಹೇಶ್ವರಪ್ಪ ನೆಲ ನೋಡುತ್ತಾ ಕೂತಿದ್ದ, ಬೇಡ ಎನ್ನಲಿಲ್ಲ. ನೀಲಾಂಬಿಕ ಒಪ್ಪಿದಳು. ಒಂದು ಮಾತು ಮಾತ್ರ ತೆಗೆದುಕೊಂಡಳು. ಹೆಸರು ಯಾರದಾದರೂ ಇರಲಿ, ಕಾವಿನ ಲೆಕ್ಕದಲ್ಲಿ ಒಂದಕ್ಷರವೂ ಆಚೀಚೆ ಆಗಬಾರದು, ಕೊನೆಯ ಅಧ್ಯಾಯವನ್ನಂತೂ ಮುಟ್ಟಲೇಬಾರದು. ಅವನು ತನ್ನ ಕೊರಳಿನ ಲಿಂಗ ಮುಟ್ಟಿಕೊಂಡು ಆಗಲಿ ಎಂದ.

ಐವತ್ತೆಂಟರ ಜನವರಿಯಿಂದ ತಿಂಗಳು ತಿಂಗಳೂ ಕತೆ ಬಂತು. ಮಹೇಶ್ವರಪ್ಪನ ಹೆಸರು ಎರಡು ತಾಲ್ಲೂಕಿನಲ್ಲೂ ಓಡಾಡಿತು. ಗಿರಣಿಯ ಎಂಜಿನ್ ನೋಡಿಕೊಳ್ಳುತ್ತಿದ್ದ ಉಚ್ಚಂಗಪ್ಪನಿಗೆ ಓದು ಬರುತ್ತಿತ್ತು. ಮಧ್ಯಾಹ್ನ ಎಂಜಿನ್ ನಿಲ್ಲಿಸಿದಾಗ ಅವನು ಪತ್ರಿಕೆ ಹಿಡಿದು ಗಟ್ಟಿಯಾಗಿ ಓದುವನು. ಭತ್ತ ಮಾಡಿಸಲು ಬಂದು ತೊಟ್ಟಿಯ ಬೆಚ್ಚನೆಯ ಗೋಡೆಗೆ ಒರಗಿ ಕೂತ ಹೆಂಗಸರು ಕೇಳುವರು. ಹಿತ್ತಿಲ ಬಾಗಿಲಲ್ಲಿ ನಿಂತು ನೀಲಾಂಬಿಕಳೂ ಕೇಳುತ್ತಿದ್ದಳು. ತಾನು ಬರೆದ ಮಾತಿಗೆ ಗುರುತಿಲ್ಲದ ಹೆಂಗಸರು ಉಸಿರು ಬಿಗಿಹಿಡಿಯುವುದನ್ನು ನೋಡುವಾಗ, ಹೆಸರು ಹೋದರೆ ಹೋಗಲಿ ಎನಿಸುತ್ತಿತ್ತು.

ಆಗಸ್ಟಿನಲ್ಲಿ ಕೊನೆಯ ಕಂತು ಬಂತು. ಉಚ್ಚಂಗಪ್ಪ ಓದುತ್ತಿದ್ದ. ಆರನೇ ಕೆರೆಯ ಹಕ್ಕಿಗಳು ಉದುರಿದವು. ಹೊನ್ನವ್ವ ಏಳನೇ ಕೆರೆಯ ಏರಿ ಹತ್ತಿದಳು. ಮುಂದಿನದು ನೀಲಾಂಬಿಕ ಬರೆದದ್ದಲ್ಲ. ಹೊನ್ನವ್ವ ಕೈ ಎತ್ತಿದಳು, ಏಳನೇ ಕೆರೆ ಹೆಪ್ಪುಗಟ್ಟಿತು, ಮನೆಯಲ್ಲಿ ಮಲಗಿದ್ದ ಮಗಳು ಕಣ್ಣು ಬಿಟ್ಟು, ಅವ್ವಾ ಹಸಿವು ಎಂದಳು. ಒಡನೆಯೇ ಏಳು ಕೆರೆಗಳೂ ತಾವಾಗಿಯೇ ಕರಗಿ ತೆರೆಯಾಡಿದವು. ಹಕ್ಕಿಗಳು ಹಾರಿದವು.

ಹೆಂಗಸರು ಅತ್ತರು, ನಕ್ಕರು. ಒಬ್ಬಳು ಉಚ್ಚಂಗಪ್ಪನಿಗೆ ಕೈ ಮುಗಿದಳು. ಅಡಿಗೆ ಮನೆಯಿಂದ ಬಂದು ಕೇಳುತ್ತಿದ್ದ ಬಸವಣ್ಣೆಮ್ಮ ಸೆರಗಿನಿಂದ ಮೂಗು ಒರೆಸಿಕೊಂಡು, "ನಮ್ಮ ಜಗದಾಂಬಗೂ ಅಂಥೋಳು ಒಬ್ಬಳು ಸಿಕ್ಕಿದ್ರೆ ನೀಲಾ," ಎಂದಳು. ನೀಲಾಂಬಿಕ ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು.

ಮಹೇಶ್ವರಪ್ಪ ಶನಿವಾರ ಪೇಡೆಯ ಪೊಟ್ಟಣ ಹಿಡಿದು ಬಂದ. ಅವಳು ಪೊಟ್ಟಣ ಮುಟ್ಟಲಿಲ್ಲ. ಸಂಪಾದಕರು ಬದಲಾಯಿಸಿದರು ಎಂದು ಮೊದಲು ಹೇಳಿದ. ಅವಳು ನೋಡುತ್ತಲೇ ಇದ್ದಳು. ಆಮೇಲೆ ನಿಜ ಹೇಳಿದ.

"ನಾನೇ ಬದಲಾಯಿಸಿದೆ ಅತ್ತಿಗೆ. ಆ ಮಗು ಎದ್ದು ಕೂತಿತು ಅಂತ ಬರೀವಾಗ ನನ್ನ ಕಣ್ಣಲ್ಲೂ ನೀರು ಬಂತು. ಓದೋರಿಗೆ ಅಷ್ಟೊಂದು ದುಃಖ ಯಾಕೆ ಅನ್ನಿಸ್ತು. ನಿಮಗೂ ಸಮಾಧಾನ ಆದೀತು ಅಂದ್ಕೊಂಡೆ."

"ಸಮಾಧಾನ ಯಾರು ಕೇಳಿದ್ರು?" ಎಂದಳು. ಅವಳ ದನಿ ಏರಲಿಲ್ಲ. "ಏಳು ಕೆರೆ ತಾವಾಗೇ ಕರಗಿದವು ಅಂತ ಬರೆದೀರಲ್ಲ. ಆ ಕಾವು ಎಲ್ಲಿಂದ ಬಂತು? ನೀವೇ ಹೇಳಿಕೊಟ್ಟಿದ್ದು. ಎಲ್ಲಿಂದ ಬಂತು, ಹೇಳ್ರಿ."

ಅದು ಕತೆ ತಾನೆ ಎಂದು ಮೆಲ್ಲಗೆ ಅಂದ. ಕೊನೆಯ ನೋಟುಪುಸ್ತಕ ವಾಪಸ್ ಕೊಡಿ ಎಂದಳು. ಅದು ಸೊರಬದ ರೂಮಿನಲ್ಲಿ ಎಲ್ಲೋ ಇರಬೇಕು, ಹುಡುಕುತ್ತೇನೆ ಎಂದ. ಅದು ಸಿಗಲೇ ಇಲ್ಲ.

ಇದಾಗಿ ಎರಡು ತಿಂಗಳ ಮೇಲೆ, ಒಂದು ಮಂಗಳವಾರ ಮಧ್ಯಾಹ್ನ, ಉಚ್ಚಂಗಪ್ಪ ಹಿತ್ತಿಲ ಬಾಗಿಲಿಗೆ ಬಂದು ಅಮ್ಮಾರನ್ನು ಕರೆದ. ಬಳ್ಳಿಗಾವಿ ಕಡೆಯ ಕುರುಬರ ತಾಯಮ್ಮ ಬೆಳಗ್ಗೆ ಎಂಟರಿಂದ ತೊಟ್ಟಿಯ ಗೋಡೆಗೆ ಒರಗಿ ಕೂತಿದ್ದಾಳೆ, ಭತ್ತ ತಂದಿಲ್ಲ, ಎಬ್ಬಿಸಿದರೆ ಏಳುತ್ತಿಲ್ಲ, ಕಂಬಳಿಯೊಳಗೆ ಕೂಸು ಇದೆ, ಅದು ಒಮ್ಮೆಯೂ ಅತ್ತಿಲ್ಲ ಎಂದ.

ತಾಯಮ್ಮನನ್ನು ನೀಲಾಂಬಿಕ ಬಲ್ಲಳು. ಗಂಡ ಕುರಿಹಿಂಡಿನ ಜೊತೆ ಊರೂರು ಹೋದರೆ ಇವಳು ಕೂಲಿಯ ಭತ್ತ ತಂದು ಇಲ್ಲೇ ಅಕ್ಕಿ ಮಾಡಿಸುತ್ತಿದ್ದಳು. ಒಂದೂವರೆ ವರ್ಷದ ಗಂಡು ಕೂಸು ಯಾವಾಗಲೂ ಅವಳ ಬೆನ್ನಿಗಿರುತ್ತಿತ್ತು. ನೀಲಾಂಬಿಕ ಹೋಗಿ ಎದುರು ಕುಕ್ಕರಗಾಲಲ್ಲಿ ಕೂತಳು. ಕಂಬಳಿ ಸರಿಸಿ ಕೈಯಿಟ್ಟಳು. ಬೆಚ್ಚಗಿತ್ತು. ಒಂದು ಕ್ಷಣ ಅವಳಿಗೆ ಹೋದ ಜೀವ ಬಂದಂತಾಯಿತು. ಆಮೇಲೆ ತಿಳಿಯಿತು: ಗೋಡೆಗೆ ತಾಗಿದ್ದ ಮಗ್ಗುಲು ಮಾತ್ರ ಬೆಚ್ಚಗಿತ್ತು.

"ಯಾವಾಗ ಹೋತು ತಾಯಮ್ಮ?"

"ಹೊತ್ತು ಹುಟ್ಟೋ ಮುಂಚೆ. ನಾಕು ದಿನದಿಂದ ಭೇದಿ." ತಾಯಮ್ಮನ ಕಣ್ಣಿನಲ್ಲಿ ನೀರಿರಲಿಲ್ಲ, ಕೆಲಸದ ನಡುವೆ ಯಾರೋ ಮಾತಾಡಿಸಿದಂತೆ ಉತ್ತರ ಕೊಡುತ್ತಿದ್ದಳು. "ಇನ್ನೊಂದೀಟು ಕಾಯ್ಲಿ ಅಂತ ಕುಂತೀನಿ ಅಮ್ಮಾರೆ. ಈ ಕಡೆ ಕಾದೈತೆ. ಆ ಕಡೆಗೂ ಹತ್ಲಿ."

"ಯಾರು ಹೇಳಿದ್ರು ಹಿಂಗೆ ಮಾಡು ಅಂತ?"

"ನಿಮ್ ಮೇಷ್ಟ್ರು ಬರ್ದಾರಲ್ಲ. ಉಚ್ಚಂಗಣ್ಣ ಓದಿದ್ನಲ್ಲ. ಕಾವು ಕೊಟ್ರೆ ಬತ್ತೈತೆ ಅಂತ. ಆ ಹೆಣ್ಣುಮಗ ಎದ್ದು ಹಸಿವು ಅಂದ್ಲಲ್ಲ."

ಸುತ್ತ ನಿಂತ ಹೆಂಗಸರು ಬಾಯಿಗೆ ಸೆರಗು ಒತ್ತಿಕೊಂಡರು. ಉಚ್ಚಂಗಪ್ಪ ಆ ಕಡೆ ತಿರುಗಿ ನಿಂತ. ಈ ತೊಟ್ಟಿಯ ಗೋಡೆ, ಈ ಕಾವು, ಈ ಮಾತು ಎಲ್ಲವೂ ತನ್ನ ತಲೆಯಿಂದ ಹೊರಟು ಊರು ಸುತ್ತಿ, ಸುಳ್ಳು ಕಟ್ಟಿಕೊಂಡು, ಒಬ್ಬ ತಾಯಿಯ ಮಡಿಲಿಗೆ ಬಂದು ಕೂತಿದ್ದವು. ಹೇಳಬೇಕಾದವಳು ತಾನೇ.

"ಬರಲ್ಲ ತಾಯಮ್ಮ," ಎಂದಳು. "ಮೈ ಬಿಸಿ ಮಾಡಬಹುದು. ಕೂಸು ಬರಲ್ಲ. ಅದನ್ನು ಬರೆದೋರು ತಪ್ಪು ಬರೆದರು. ನನ್ನ ಮಗಳೂ ಬರಲಿಲ್ಲ."

ತಾಯಮ್ಮ ಅವಳನ್ನು ನೋಡಿದಳು. ಕೈಯಲ್ಲಿದ್ದುದನ್ನು ಯಾರೋ ಕಸಿದುಕೊಂಡಾಗ ನೋಡುವಂತೆ ನೋಡಿದಳು. ನಂತರ ಕೂಸನ್ನು ಇನ್ನೊಂದು ಮಗ್ಗುಲಿಗೆ ತಿರುಗಿಸಿ ಗೋಡೆಗೆ ಆನಿಸಿದಳು. ಮತ್ತೆ ಒಂದು ತಾಸು ನೀಲಾಂಬಿಕ ಅವಳ ಪಕ್ಕದಲ್ಲೇ ಕೂತಿದ್ದಳು. ಎಂಜಿನ್ ಶುರು ಮಾಡಬೇಡ ಎಂದು ಉಚ್ಚಂಗಪ್ಪನಿಗೆ ಹೇಳಿದ್ದಳು. ತೊಟ್ಟಿಯ ನೀರು ನಿಧಾನವಾಗಿ ಆರಿತು, ಗೋಡೆ ಆರಿತು. ಕೊನೆಗೆ ತಾಯಮ್ಮ ತಾನೇ ಎದ್ದಳು. ಗಾಡಿ ಕಟ್ಟಿಸಿ ನೀಲಾಂಬಿಕ ಅವಳ ಜೊತೆ ಹಟ್ಟಿಯವರೆಗೆ ಹೋದಳು. ಮಣ್ಣು ಮುಚ್ಚುವವರೆಗೆ ಇದ್ದು ಬಂದಳು.

ಗುರುಮಲ್ಲಪ್ಪ ಮರುದಿನ ಗಿರಣಿಯ ಅಂಗಳದಲ್ಲಿ ಪತ್ರಿಕೆ ಓದುವುದನ್ನು ನಿಲ್ಲಿಸಿದ. ಮಹೇಶ್ವರಪ್ಪನಿಗೆ ನೀಲಾಂಬಿಕ ಎಲ್ಲವನ್ನೂ ಹೇಳಿದಳು, ಒಂದು ಮಗ್ಗುಲು ಮಾತ್ರ ಬೆಚ್ಚಗಿದ್ದದ್ದನ್ನೂ ಬಿಡದೆ. ಅವನು ಊಟ ಮಾಡದೆ ಎದ್ದು ಹೋದ. ಪುಸ್ತಕವಾಗಿ ಬರುವಾಗಲಾದರೂ ಮೊದಲಿನ ಹಾಗೆ ತಿದ್ದಿಬಿಡುತ್ತಾನೆ ಎಂದು ಅವಳು ನಂಬಿದಳು. ಕೆಲವು ಶನಿವಾರ ಅವನು ಬರಲಿಲ್ಲ. ಅದನ್ನೂ ಒಳ್ಳೆಯ ಲಕ್ಷಣವೆಂದೇ ತಿಳಿದಳು.

ಪುಸ್ತಕ ಐವತ್ತೊಂಬತ್ತರ ಯುಗಾದಿಗೆ ಬಂತು. ಅವಳು ಮೊದಲು ಕೊನೆಯ ಪುಟ ತೆರೆದಳು. ಮಗು ಎದ್ದು ಕೂತಿತ್ತು, ಕೆರೆಗಳು ಕರಗಿದ್ದವು. ಮುಂದಿನ ಪುಟದಲ್ಲಿ ಉಪಕಾರ ಸ್ಮರಣೆ ಇತ್ತು. ಬರೆಯುವ ದಿನಗಳಲ್ಲಿ ಬೇಸರಿಸದೆ ಕಾಫಿ ಮಾಡಿಕೊಟ್ಟು ಪ್ರೋತ್ಸಾಹಿಸಿದ ಅತ್ತಿಗೆಯವರನ್ನು ಲೇಖಕರು ನೆನೆದಿದ್ದರು.

ಸೊರಬದಲ್ಲಿ ಅವನಿಗೆ ಒಂದು ಸನ್ಮಾನ ಇಟ್ಟುಕೊಂಡರು. ಮನೆಯವರೆಲ್ಲ ಹೋಗಲೇಬೇಕಾಯಿತು; ಬಸವಣ್ಣೆಮ್ಮನ ಸಂಭ್ರಮಕ್ಕೆ ಅಡ್ಡ ಬರಲು ನೀಲಾಂಬಿಕಳಿಗೆ ಮನಸ್ಸಾಗಲಿಲ್ಲ. ಮಹೇಶ್ವರಪ್ಪನ ಕೊರಳಿಗೆ ಗಂಧದ ಹಾರ ಹಾಕಿದರು. ಅವನು ಚೆನ್ನಾಗಿ ಮಾತಾಡಿದ. ಮಾಯೆಗೂ ನಿಯಮ ಬೇಕು, ನಿಯಮವಿಲ್ಲದ ಶಕ್ತಿ ಬರೀ ಆಸೆ ಎಂದ. ಅದು ಅವಳು ಜಗಲಿಯಲ್ಲಿ ಕೂತು ಒಂದು ದಿನ ಅವನಿಗೆ ಹೇಳಿದ ಮಾತು. ಒಂದು ಪದವೂ ಬದಲಾಗಿರಲಿಲ್ಲ. ಹಿಂದಿನ ಸಾಲಿನಿಂದ ವಯಸ್ಸಾದ ಒಬ್ಬರು ಎದ್ದು ನಿಂತರು. ಇಷ್ಟೆಲ್ಲ ನಿಯಮ ಹೇಳಿದಿರಿ ಮೇಷ್ಟ್ರೇ, ಹೆಪ್ಪುಗಟ್ಟಿದ ಏಳು ಕೆರೆ ಕೊನೆಯಲ್ಲಿ ಕರಗಿದ್ದು ಯಾವ ನಿಯಮದಿಂದ ಎಂದು ಕೇಳಿದರು. ನೀಲಾಂಬಿಕ ತಲೆ ಎತ್ತಿದಳು. ಮಹೇಶ್ವರಪ್ಪನ ಕಣ್ಣು ಹೆಂಗಸರ ಸಾಲಿನಲ್ಲಿ ಅವಳನ್ನು ಹುಡುಕಿತು, ಕಂಡಿತು, ಬೇರೆ ಕಡೆಗೆ ಹೋಯಿತು.

"ತಾಯಿಯ ಕಣ್ಣೀರಿನ ಬಿಸಿಯಿಂದ," ಎಂದ.

ಚಪ್ಪಾಳೆ ಬಹಳ ಹೊತ್ತು ನಡೆಯಿತು. ಪ್ರಶ್ನೆ ಕೇಳಿದವರೂ ತಲೆದೂಗಿ ಕೂತರು. ಒಂದು ಹನಿ ಕಣ್ಣೀರಿನಲ್ಲಿ ಎಷ್ಟು ಕಾವಿರುತ್ತದೆಂದು ನೀಲಾಂಬಿಕಳಿಗೆ ಗೊತ್ತಿತ್ತು. ಒಂದು ಸಾಸಿವೆ ಕಾಳು ಸಿಡಿಯುವಷ್ಟೂ ಇರುವುದಿಲ್ಲ. ಅವಳೂ ಎರಡು ಸಲ ಕೈ ತಟ್ಟಿದಳು. ಪಕ್ಕದಲ್ಲಿ ಅತ್ತೆ ನೋಡುತ್ತಿದ್ದಳು.

ಊರಿಗೆ ಬಂದವಳು ಹೊಸದೊಂದು ನೋಟುಪುಸ್ತಕ ತರಿಸಿ, ಕಳೆದುಹೋದ ಕೊನೆಯ ಅಧ್ಯಾಯವನ್ನು ನೆನಪಿನಿಂದ ಮತ್ತೆ ಬರೆದಳು. ಈ ಸಲ ಹತ್ತು ದಿನ ಸಾಕಾಯಿತು. ಬರೆದ ಮೇಲೆ ಯಾರಿಗೆ ಓದಿ ಹೇಳುವುದು ಎಂಬ ಯೋಚನೆ ಬಂತು. ಗಂಡ ಕೇಳುವವನಲ್ಲ. ಅತ್ತೆಗೆ ಹೇಳಿದರೆ ಅದು ಹಗೆ ಸಾಧಿಸಿದಂತೆ. ಕೇಳಬೇಕಾದವಳು, ಅರ್ಥವಾಗುವವಳು ಒಬ್ಬಳೇ ಎನಿಸಿತು.

ಸುಗ್ಗಿ ಮುಗಿದ ಮೇಲೆ ತಾಯಮ್ಮ ಭತ್ತ ಹೊತ್ತು ಬಂದಳು. ಅವಳೀಗ ಮತ್ತೆ ಬಸುರಿ, ಮಾತಾಡಿಸಿದರೆ ನಗುತ್ತಿದ್ದಳು. ನೀಲಾಂಬಿಕ ಅವಳನ್ನು ಜಗಲಿಗೆ ಕರೆದು, ಮಜ್ಜಿಗೆ ಕೊಟ್ಟು, ಹೊನ್ನವ್ವನ ಕತೆಯ ಕೊನೆ ಹಾಗಲ್ಲ, ಹೀಗೆ ಎಂದು ಹೇಳಿ ಓದತೊಡಗಿದಳು. ತಾಯಮ್ಮ ಲೋಟ ಹಿಡಿದುಕೊಂಡೇ ಕೇಳಿದಳು. ಹಕ್ಕಿ ಉದುರುವಾಗ ಕಣ್ಣು ಮುಚ್ಚಿದಳು. ಹೊನ್ನವ್ವ ಕೈ ಇಳಿಸಿದಳು, ಮನೆಗೆ ಬಂದಳು, ಮಗಳನ್ನು ಎತ್ತಿಕೊಂಡಳು. ನೀಲಾಂಬಿಕ ನೋಟುಪುಸ್ತಕ ಮುಚ್ಚಿದಳು.

"ಇದು ನೀವು ಬರ್ದಿದ್ದಾ ಅಮ್ಮಾರೆ?"

"ಹೌದು. ಎಲ್ಲಾ ನಾನೇ ಬರೆದಿದ್ದು." ಈ ಮಾತನ್ನು ಅವಳು ಬಾಯಿಬಿಟ್ಟು ಆಡಿದ್ದು ಅದೇ ಮೊದಲು.

ತಾಯಮ್ಮ ಲೋಟ ಕೆಳಗಿಟ್ಟಳು. "ಚೆನ್ನಾಗೈತೆ ಅಮ್ಮಾರೆ. ದಿಟವಾಗೂ ಹಂಗೇ ಐತೆ," ಎಂದಳು. "ಆದ್ರೆ ನಂಗೆ ಮೇಷ್ಟ್ರುದೇ ಇರ್ಲಿ. ಇದು ನಂಗೆ ಗೊತ್ತಿರೋದೇ ಅಲ್ವಾ? ಕತೇಲೂ ಇದೇ ಆದ್ರೆ ನಮ್ಮಂಥೋರು ಎಲ್ಲಿಗೆ ಹೋಗಾನ?"

ನೀಲಾಂಬಿಕ ಏನೋ ಹೇಳಹೋದಳು. ನಿನ್ನನ್ನು ಆ ಗೋಡೆಗೆ ಒರಗಿಸಿ ಕೂರಿಸಿದ್ದು ಅದೇ ಕತೆ ಎನ್ನಬೇಕೆಂದಿತ್ತು. ಎದುರಿಗಿದ್ದವಳ ಹೊಟ್ಟೆ ನೋಡಿ ಬಾಯಿ ಕಟ್ಟಿತು. ತಾಯಮ್ಮ ಸೆರಗು ಸರಿಮಾಡಿಕೊಂಡು, ಮಜ್ಜಿಗೆ ಚೆನ್ನಾಗಿತ್ತು ಎಂದು ಹೇಳಿ, ಅಕ್ಕಿ ಆಗಿರಬೇಕು ನೋಡುತ್ತೇನೆ ಎಂದು ಎದ್ದು ಹೋದಳು.

ಆ ಶನಿವಾರ ಮಹೇಶ್ವರಪ್ಪ ಬಹಳ ದಿನಗಳ ಮೇಲೆ ಬಂದ. ಪತ್ರಿಕೆಯವರು ಇನ್ನೊಂದು ಕೇಳುತ್ತಿದ್ದಾರೆ, ಈ ಸಲ ಗಾಳಿಯ ಕಾವುಗಾರರ ಸೀಮೆ, ನಿಯಮಗಳನ್ನು ಅತ್ತಿಗೆ ಸ್ವಲ್ಪ ಹೇಳಿದರೆ ಉಳಿದದ್ದು ತಾನು ನೋಡಿಕೊಳ್ಳುತ್ತೇನೆ ಎಂದ. ಕೇಳುವಾಗ ಅವನ ದನಿಯಲ್ಲಿ ನಾಚಿಕೆ ಇತ್ತು, ಆದರೂ ಕೇಳಿದ. ನೀಲಾಂಬಿಕ ಅವನ ತಟ್ಟೆಗೆ ಸಾರು ಬಡಿಸುತ್ತಾ, ಈಗ ಅದೆಲ್ಲ ಮರೆತುಹೋಗಿದೆ ಎಂದಳು. ನಿಯಮ ಇಲ್ಲದಿದ್ದರೂ ನಡೆಯುತ್ತದೆ, ಬರೆಯಿರಿ, ಜನ ಓದುತ್ತಾರೆ ಎಂದಳು. ಅದು ಹಾಗೇ ಆಯಿತು.